ಚರ್ಮದ ಶೂಗೆ ಮನೆಯಲ್ಲೇ ಹೊಸ ಅಟ್ಟೆ: ಕೆಲಸ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಳಚುತ್ತದೆ

ಹೊಸದಾಗಿ ಅಂಟಿಸಿದ ಅಟ್ಟೆ, ಅಂದರೆ ಶೂವಿನ ಸೋಲ್, ಎರಡೇ ವಾರಕ್ಕೆ ಮುಂತುದಿಯಲ್ಲಿ ಬಾಯಿ ಬಿಟ್ಟರೆ ಎಲ್ಲರೂ ಬೈಯುವುದು ಅಂಟನ್ನು. ಬೈಯುವ ಮೊದಲು ಆ ಬಾಯಿಯನ್ನು ಇನ್ನಷ್ಟು ಅಗಲಿಸಿ ಒಳಗೆ ನೋಡಿ. ಅಂಟೆಲ್ಲ ರಬ್ಬರಿನ ಕಡೆಗೇ ಉಳಿದು ಚರ್ಮ ಬೋಳಾಗಿದ್ದರೆ ಚರ್ಮವನ್ನು ಸರಿಯಾಗಿ ಉಜ್ಜಿಲ್ಲ, ಇಲ್ಲವೇ ಹಳೇ ಮೇಣ ಅಲ್ಲೇ ಕೂತಿತ್ತು. ಅಂಟು ಚರ್ಮದಲ್ಲೇ ನಿಂತು ರಬ್ಬರ್ ಬರಿದಾಗಿದ್ದರೆ ರಬ್ಬರಿನ ಬೆನ್ನನ್ನು ಉಜ್ಜಿಲ್ಲ. ಎರಡೂ ಕಡೆ ಅಂಟು ಇದ್ದು ಎರಡೂ ಗಾಜಿನಂತೆ ಮಿನುಗುತ್ತಿದ್ದರೆ ಅಂಟು ಅತಿಯಾಗಿ ಒಣಗಿದ ಮೇಲೆ ಜೋಡಿಸಲಾಗಿದೆ, ಅಥವಾ ಸುತ್ತಿಗೆಯ ಏಟು ಸಾಲಲಿಲ್ಲ. ಎಳೆದಾಗ ಅಂಟು ಮೆತ್ತಗೆ ನೂಲುನೂಲಾಗಿ ಬಂದರೆ ಅದು ಅವಸರದ ಗುರುತು. ಒಣಗುವ ಮೊದಲೇ ಮುಚ್ಚಿದ್ದರಿಂದ ದ್ರಾವಕ ಒಳಗೇ ಸಿಕ್ಕಿಹಾಕಿಕೊಂಡಿದೆ. ಚರ್ಮದ ನಾರೇ ಕಿತ್ತು ಅಂಟಿನ ಜೊತೆ ಬಂದಿದ್ದರೆ ಮಾತ್ರ ಅಂಟಿನ ಕೆಲಸ ಸರಿಯಾಗಿತ್ತು, ಸೋತದ್ದು ಚರ್ಮ.

ಈ ಐದರಲ್ಲಿ ನಾಲ್ಕು ತಪ್ಪು ಉಜ್ಜುವುದರಲ್ಲೋ ಕಾಯುವುದರಲ್ಲೋ ಬಡಿಯುವುದರಲ್ಲೋ ಆಗಿರುವಂಥವು. ಡಬ್ಬಿ ಬದಲಿಸಿದರೆ ಅವು ಸರಿಹೋಗುವುದಿಲ್ಲ.

ಮೊದಲು ಕಟ್ಟು ಯಾವುದು ನೋಡಿ

ಚಾಕು ಕೈಗೆತ್ತಿಕೊಳ್ಳುವ ಮುನ್ನ ತಿಳಿಯಬೇಕಾದದ್ದು ಶೂವಿನ ಮೇಲ್ಚರ್ಮಕ್ಕೂ ಅಟ್ಟೆಗೂ ನಂಟು ಹೇಗಿದೆ ಎಂಬುದು. ಒಳಗಿನ ಮೆತ್ತೆಹಾಳೆಯನ್ನು ಎತ್ತಿ, ಒಳ ಅಟ್ಟೆಯ ಸುತ್ತ ಬೆರಳಾಡಿಸಿ. ಅಂಚಿನಿಂದ ಸ್ವಲ್ಪ ಒಳಗೆ ಸಾಲಾಗಿ ಹೊಲಿಗೆ ಸಿಕ್ಕರೆ ಅದು ಬ್ಲೇಕ್ ಕಟ್ಟು. ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಬಂದ ಹೆಸರು ಇದು. ಒಂದೇ ಹೊಲಿಗೆ ಒಳ ಅಟ್ಟೆ, ಮೇಲ್ಚರ್ಮ, ಹೊರ ಅಟ್ಟೆ ಮೂರನ್ನೂ ಹಿಡಿದಿರುತ್ತದೆ. ಹಾಗಾಗಿ ಅಟ್ಟೆ ಬಿಚ್ಚಿದರೆ ಶೂವಿನ ತಳವೇ ಸಡಿಲ. ಮರುಹೊಲಿಗೆಗೆ ಶೂವಿನೊಳಗೆ ಮುಂತುದಿಯವರೆಗೆ ತೋಳು ಚಾಚುವ ಯಂತ್ರ ಬೇಕು. ಕೈಯಲ್ಲೂ ಆಗುತ್ತದೆ, ಆದರೆ ಮುಂಗಾಲಿನ ಗೂಡಿನಲ್ಲಿ ಕಣ್ಣಿಗೆ ಕಾಣದ ತೂತನ್ನು ಕೊಕ್ಕೆಯಿಂದ ಹುಡುಕುತ್ತಾ ಕೂರಬೇಕು. ಇಂಥ ಶೂಗೆ ಮನೆಯಲ್ಲಿ ಅರ್ಧ ಅಟ್ಟೆ, ಅಂದರೆ ಮುಂಭಾಗಕ್ಕೆ ಮಾತ್ರ ರಬ್ಬರ್ ಹಾಳೆ, ಹಾಕುವುದೇ ಜಾಣತನ.

ಒಳಗೆ ಹೊಲಿಗೆಯಿಲ್ಲ, ಹೊರಗೆ ಮಾತ್ರ ಶೂ ಸುತ್ತಲಿನ ಚರ್ಮದ ಅಂಚುಪಟ್ಟಿಯ ಮೇಲೆ ಹೊಲಿಗೆ ಕಾಣುತ್ತಿದೆ ಎಂದರೆ ಬಹುಮಟ್ಟಿಗೆ ಗುಡ್‌ಇಯರ್ ವೆಲ್ಟ್. ಆ ಪಟ್ಟಿಯೇ ವೆಲ್ಟ್. ಅದನ್ನು ಮೇಲ್ಚರ್ಮಕ್ಕೆ ಒಂದು ಹೊಲಿಗೆ ಹಿಡಿದಿರುತ್ತದೆ, ಹೊರ ಅಟ್ಟೆಯನ್ನು ವೆಲ್ಟ್‌ಗೆ ಇನ್ನೊಂದು ಹೊಲಿಗೆ ಹಿಡಿದಿರುತ್ತದೆ. ಎರಡನೆಯದನ್ನು ಬಿಚ್ಚಿದರೂ ಮೊದಲನೆಯದು ಅಲುಗುವುದಿಲ್ಲ. ಮನೆಯಲ್ಲಿ ಪೂರ್ತಿ ಅಟ್ಟೆ ಬದಲಿಸಲು ಹೇಳಿ ಮಾಡಿಸಿದ ಕಟ್ಟು ಇದು.

ಒಂದು ಮೋಸ ಗೊತ್ತಿರಲಿ. ಬರೀ ಅಂಟಿನ ಶೂಗಳಿಗೂ ಚಂದಕ್ಕೆಂದು ಸುಳ್ಳು ವೆಲ್ಟ್, ಸುಳ್ಳು ಹೊಲಿಗೆ ಹಾಕಿರುತ್ತಾರೆ. ಮೇಲೆ ಹೊಲಿಗೆ ಕಂಡು ಕೆಳಗೆ ಕಾಣದಿದ್ದರೆ ಅನುಮಾನಪಡಿ. ಆದರೆ ಚರ್ಮದ ಅಟ್ಟೆಯಲ್ಲಿ ಹೊಲಿಗೆಯನ್ನು ಸಣ್ಣ ಸೀಳಿನೊಳಗೆ ಹುದುಗಿಸಿ ಮುಚ್ಚುವ ಪದ್ಧತಿಯೂ ಉಂಟು, ಆದ್ದರಿಂದ ತಳದ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಇದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಇನ್ನು ಪಾಲಿಯುರಿಥೇನ್‌ನಲ್ಲಿ ಎರಕ ಹೊಯ್ದ ದಪ್ಪ ಸೋಲು. ಗಾಳಿಯ ತೇವಕ್ಕೆ ಅದರ ರಾಸಾಯನಿಕ ಕೊಂಡಿಗಳೇ ಬಿಡುತ್ತವೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಶೂವಿನ ತಳ ಮೆಟ್ಟಿದ ದಿನವೇ ಪುಡಿಯಾಗುವುದು ಇದರಿಂದ. ಅದಕ್ಕೆ ತೇಪೆಯೂ ಇಲ್ಲ, ಅಂಟೂ ಇಲ್ಲ. ಇಡೀ ತಳ ಬದಲಿಸಬೇಕು.

ಮೇಲ್ಚರ್ಮ ಮಡಿಕೆಯಲ್ಲಿ ಒಳತನಕ ಬಿರುಕು ಬಿಟ್ಟಿದ್ದರೆ ಅಥವಾ ಒಳ ಅಟ್ಟೆ ಅಡ್ಡಲಾಗಿ ಮುರಿದಿದ್ದರೆ ಹೊಸ ಅಟ್ಟೆ ದಂಡ. ಉಳಿದಂತೆ ಯಾವಾಗ ಬದಲಿಸಬೇಕೆಂಬುದನ್ನು ಹೆಬ್ಬೆರಳೇ ಹೇಳುತ್ತದೆ. ಅಟ್ಟೆಯ ನಡುವೆ, ಮುಂಗಾಲು ಊರುವ ಕಡೆ ಒತ್ತಿ. ಮೆತ್ತಗೆ ತಗ್ಗಿದರೆ ಅಲ್ಲಿ ತೂತಾಗಲು ಹೆಚ್ಚು ದಿನ ಉಳಿದಿಲ್ಲ. ತುದಿಯ ಸವೆತ ವೆಲ್ಟ್ ಮುಟ್ಟುವವರೆಗೆ ಕಾಯಬೇಡಿ. ಅಟ್ಟೆ ಬದಲಿಸುವ ವಸ್ತು, ವೆಲ್ಟ್ ಕಾಪಾಡುವ ವಸ್ತು.

ಯಾವ ಅಂಟು, ಯಾವ ಸಾಮಾನು

ಚರ್ಮಕ್ಕೂ ಸಾಮಾನ್ಯ ರಬ್ಬರಿಗೂ ನಿಯೋಪ್ರೀನ್ ಆಧಾರದ ಕಾಂಟ್ಯಾಕ್ಟ್ ಅಂಟು, ಅಂದರೆ ಚಪ್ಪಲಿ ಹೊಲಿಯುವವರು ಸೊಲ್ಯೂಷನ್ ಎನ್ನುವ ಹಳದಿ ಅಂಟು, ಸರಿಯಾದದ್ದು. 100 ಮಿ.ಲೀ. ಡಬ್ಬಿ ಒಂದು ಜೊತೆಗೆ ಬಳಸಿಯೂ ಮಿಗುತ್ತದೆ. ಪಿವಿಸಿ ಸೋಲಿಗೆ ಇದು ಆಗದು. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ಅಂಶ ಮೆಲ್ಲಗೆ ಒಸರಿ ಈ ಅಂಟನ್ನು ಜಿಗುಟು ಮುದ್ದೆಯಾಗಿಸುತ್ತದೆ. ಪಿವಿಸಿಗೆ ಪಾಲಿಯುರಿಥೇನ್ ಅಂಟು ಬೇಕು. ಟಿಪಿಆರ್ ಎಂಬ ಕರಗುವ ರಬ್ಬರಿಗೆ ಅಂಟಿಗಿಂತ ಮೊದಲು ಅದಕ್ಕೆಂದೇ ಸಿಗುವ ಪ್ರೈಮರ್ ಬಳಿಯಬೇಕು. ಯಾವ ರಬ್ಬರ್ ಎಂದು ತಿಳಿಯದಿದ್ದರೆ ಕಾಣದ ಮೂಲೆಗೆ ಕಾದ ಸೂಜಿ ಮುಟ್ಟಿಸಿ: ಕರಗಿ ನೂಲಾದರೆ ಟಿಪಿಆರ್ ಥರದ್ದು, ಕರಗದೆ ಸುಟ್ಟರೆ ವಲ್ಕನೀಕರಿಸಿದ, ಅಂದರೆ ಸಾಮಾನ್ಯ ರಬ್ಬರ್. ಈ ಪರೀಕ್ಷೆ ಅಂಟಿನ ಡಬ್ಬಿ ತೆರೆಯುವ ಮೊದಲೇ ಮುಗಿಯಲಿ.

ಫಟ್ಟನೆ ಹಿಡಿಯುವ ಸೂಪರ್ ಗ್ಲೂ, ಎರಡು ಟ್ಯೂಬಿನ ಎಪಾಕ್ಸಿ ಇವೆರಡನ್ನೂ ದೂರವಿಡಿ. ಇವು ಗಟ್ಟಿಯಾಗಿಯೇ ಹಿಡಿಯುತ್ತವೆ, ಆದರೆ ಗಾಜಿನಂತೆ ಹಿಡಿಯುತ್ತವೆ. ಶೂ ಒಂದು ಹೆಜ್ಜೆಗೊಮ್ಮೆ ಬಾಗುತ್ತದೆ. ಬಾಗದ ಅಂಟು ಬಿರುಕು ಬಿಡಲೇಬೇಕು.

ಉಳಿದ ಸಾಮಾನು: ಚರ್ಮ ಹೆರೆಯುವ ರಂಪಿ ಅಥವಾ ಹೊಸ ಬ್ಲೇಡಿನ ಗಟ್ಟಿ ಚಾಕು, ಇಕ್ಕಳ, ಅಗಲ ಮುಖದ ನುಣ್ಣನೆ ಸುತ್ತಿಗೆ, ತೂತು ಮಾಡುವ ಆರಿ, ಎರಡು ಮೊಂಡು ಸೂಜಿ, 1 ಮಿ.ಮೀ. ದಪ್ಪದ ಮೇಣದ ಪಾಲಿಯೆಸ್ಟರ್ ದಾರ, ಒರಟು ಅರ, 60ರಿಂದ 400ರವರೆಗಿನ ಸ್ಯಾಂಡ್‌ಪೇಪರ್, ಹೇರ್ ಡ್ರೈಯರ್. ಶೂವಿನೊಳಗೆ ಬಿಗಿಯಾಗಿ ಕೂರುವ ಮರದ ಅಚ್ಚು ಇರಲೇಬೇಕು. ಅಚ್ಚಿಲ್ಲದೆ ಬಡಿದರೆ ಏಟೆಲ್ಲ ಮೇಲ್ಚರ್ಮ ನುಂಗುತ್ತದೆ, ಅಂಟಿಗೆ ತಲುಪುವುದಿಲ್ಲ. ಅಂಟಿನ ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ. ಹೇರ್ ಡ್ರೈಯರನ್ನೂ ಹಳೇ ಒಣ ಅಂಟಿಗೆ ಬಳಸಿ, ಹಸಿ ಅಂಟಿಗೆ ಹಿಡಿಯಬೇಡಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಅರ್ಧ ಅಟ್ಟೆ

ಚರ್ಮದ ಅಟ್ಟೆ ಇನ್ನೂ 3 ಮಿ.ಮೀ.ನಷ್ಟು ಉಳಿದಿದ್ದರೆ ಅದನ್ನು ಕೀಳುವ ಅಗತ್ಯವೇ ಇಲ್ಲ. 2 ಮಿ.ಮೀ. ದಪ್ಪದ ರಬ್ಬರ್ ಹಾಳೆಯನ್ನು ಮುಂಭಾಗಕ್ಕೆ ಅಂಟಿಸಿದರೆ ಸಾಕು. ಕೈ ಪಳಗಲು ಇದೇ ಒಳ್ಳೆಯ ಮೊದಲ ಕೆಲಸ.

ಇಲ್ಲಿ ಬಹಳ ಮಂದಿ ಎಡವುವುದು ಹಿಂದಿನ ಅಂಚನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬಲ್ಲಿ. ಶೂವನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಮುಂಗಾಲಿನ ಹಿಂದೆ ಅಟ್ಟೆ ನೆಲ ಬಿಟ್ಟು ಮೇಲೇಳುವ ಜಾಗವಿದೆಯಲ್ಲ, ಅಲ್ಲಿಂದ 15–20 ಮಿ.ಮೀ. ಹಿಂದಕ್ಕೆ, ಶೂವಿನ ಸೊಂಟದ (ನಡುವಿನ ಕಿರಿದಾದ ಭಾಗದ) ಕಡೆಗೆ ಗೆರೆ ಎಳೆಯಿರಿ. ಅಂಚು ಬಾಗುವ ಜಾಗದಲ್ಲೇ ಬಂದರೆ ಪ್ರತಿ ಹೆಜ್ಜೆಯೂ ಅದನ್ನು ಕೀಳುತ್ತಲೇ ಇರುತ್ತದೆ. ರಬ್ಬರಿನ ಆ ಅಂಚನ್ನು ಕೆಳಮುಖವಾಗಿ ಹೆರೆದು ಅರ್ಧ ಮಿ.ಮೀ.ಗೆ ತೆಳ್ಳಗಾಗಿಸಿ, ದಪ್ಪ ಅಂಚು ಮೆಟ್ಟಿಲಿಗೆ ತಗಲಿ ಏಳುತ್ತದೆ.

ಮೇಲ್ಚರ್ಮದ ಸುತ್ತ ಕಾಗದದ ಟೇಪು ಸುತ್ತಿ. ಗೆರೆಯ ಮುಂದಿನ ಅಟ್ಟೆಯನ್ನು 60ರ ಸ್ಯಾಂಡ್‌ಪೇಪರಿನಿಂದ ಹೊಳಪು, ಬಣ್ಣ, ಮೇಣ ಎಲ್ಲ ಹೋಗಿ ಚರ್ಮ ಜುಂಗುಜುಂಗಾಗಿ ಏಳುವ ತನಕ ಉಜ್ಜಿ. ಕಪ್ಪು ಕಲೆಯಂಥ ನುಣುಪು ಎಲ್ಲಾದರೂ ಉಳಿದಿದ್ದರೆ ಅಂಟು ಬಿಡುವುದು ಅಲ್ಲೇ. ರಬ್ಬರಿನ ಬೆನ್ನನ್ನೂ ಉಜ್ಜಿ. ಎರಕದ ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಬಳಿದ ಜಾರುಪದಾರ್ಥ ಅದರ ಮೇಲಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಪುಡಿಯನ್ನು ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ ಬೇಡ. ಉಜ್ಜಿದ ಮೇಲೆ ಬೆರಳಿನಿಂದಲೂ ಮುಟ್ಟಬೇಡಿ, ಬೆರಳಲ್ಲೂ ಎಣ್ಣೆಯ ಪಸೆ ಇರುತ್ತದೆ.

ಅಂಟನ್ನು ಎರಡೂ ಮೈಗೆ ತೆಳ್ಳಗೆ ಬಳಿಯಿರಿ. ಚರ್ಮ ಮೊದಲ ಲೇಪವನ್ನು ಕುಡಿದುಬಿಡುತ್ತದೆ, ಹತ್ತು–ಹದಿನೈದು ನಿಮಿಷ ಬಿಟ್ಟು ಚರ್ಮಕ್ಕೆ ಮಾತ್ರ ಇನ್ನೊಂದು ಲೇಪ ಕೊಡಿ. ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ 10–20 ನಿಮಿಷ. ಗಡಿಯಾರಕ್ಕಿಂತ ಬೆರಳಿನ ಗೆಣ್ಣು ನಂಬಿಕೆಯದು: ಅಂಚಿನಲ್ಲೊಂದು ಕಡೆ ಗೆಣ್ಣಿನ ಹಿಂಬದಿ ಮುಟ್ಟಿಸಿ. ಮೆಲ್ಲನೆ ಹಿಡಿದುಕೊಂಡಂತಾಗಿ, ಅಂಟು ಮಾತ್ರ ಕೈಗೆ ಬರದಿದ್ದರೆ ಹದ ಬಂದಿದೆ. ಕೈಗೆ ಬಂದರೆ ಇನ್ನೂ ಹಸಿ. ಹಿಡಿಯುವುದೇ ಇಲ್ಲವಾದರೆ ಹದ ಮೀರಿದೆ, ತೆಳ್ಳಗೆ ಮತ್ತೊಂದು ಲೇಪ ಕೊಡಿ. ಮಳೆಗಾಲದ ತೇವದಲ್ಲಿ ಇನ್ನೊಂದು ತೊಂದರೆ ಇದೆ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅಂಟಿನ ಮೇಲೆ ಮಂಜಿನಂತೆ ಕೂರುತ್ತದೆ. ಆ ಬಿಳಿಪು ಕಂಡರೆ ಜೋಡಿಸಬೇಡಿ.

ಈ ಅಂಟಿಗೆ ಎರಡನೇ ಅವಕಾಶವಿಲ್ಲ. ಮುಟ್ಟಿದ ಕ್ಷಣವೇ ಹಿಡಿಯುತ್ತದೆ. ಅದಕ್ಕೆ ನಡುವೆ ಎರಡು ಕಾಗದದ ಪಟ್ಟಿ ಇಟ್ಟು, ಮುಂತುದಿಯನ್ನು ಮೊದಲು ಸರಿಯಾಗಿ ಕೂರಿಸಿ, ಪಟ್ಟಿಗಳನ್ನು ಒಂದೊಂದಾಗಿ ಎಳೆಯುತ್ತಾ ಹಿಂದಕ್ಕೆ ಒತ್ತುತ್ತಾ ಹೋಗಿ. ಬಡಿಯುವುದು ನಡುವಿನಿಂದ ಅಂಚಿಗೆ, ಗಾಳಿ ಹೊರಹೋಗುವಂತೆ. ಹೆಚ್ಚು ಹೊತ್ತು ಒತ್ತಿಡುವುದಕ್ಕಿಂತ ಗಟ್ಟಿಯಾಗಿ ಒಮ್ಮೆ ಒತ್ತುವುದು ಇಲ್ಲಿ ಮುಖ್ಯ.

ಪೂರ್ತಿ ಅಟ್ಟೆ: ಬಿಚ್ಚುವುದು

ಕೀಳುವ ಮೊದಲು ಹಳೇ ಅಟ್ಟೆಯ ನಕ್ಷೆಯನ್ನು ದಪ್ಪ ಕಾಗದದ ಮೇಲೆ ತೆಗೆದಿಟ್ಟುಕೊಳ್ಳಿ. ಕಿತ್ತ ಮೇಲೆ ಅದು ಸುರುಟಿಕೊಂಡು ಆಕಾರ ತಪ್ಪುತ್ತದೆ.

ಮೊದಲು ಹೀಲ್. ಅಟ್ಟೆಗೂ ಹೀಲಿಗೂ ನಡುವೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಸುತ್ತಲೂ ಸ್ವಲ್ಪಸ್ವಲ್ಪವೇ ಎಬ್ಬಿಸಿ. ಒಂದೇ ಕಡೆ ಮೀಟಿದರೆ ಚರ್ಮದ ಪದರಗಳು ಸೀಳುತ್ತವೆ. ಬಗ್ಗದಿದ್ದರೆ ಒಳಗಿನ ಮೆತ್ತೆ ಎತ್ತಿ ನೋಡಿ, ಮೊಳೆಗಳನ್ನು ಒಳಗಿನಿಂದ ಹೊಡೆದಿರಬಹುದು. ಹೀಲ್ ಗಟ್ಟಿಯಾಗಿದ್ದರೆ ಎತ್ತಿಡಿ, ಅದೇ ಮತ್ತೆ ಬರುತ್ತದೆ.

ಈಗ ವೆಲ್ಟ್‌ಗೂ ಅಟ್ಟೆಗೂ ನಡುವಿನ ಹೊಲಿಗೆ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಹಳೇ ಅಂಟು ಸಡಿಲಿಸಿ, ಬ್ಲೇಡನ್ನು ಸಂದಿನಲ್ಲಿ ಆಡಿಸುತ್ತಾ ದಾರ ಕತ್ತರಿಸಿ. ಬ್ಲೇಡಿನ ಬಾಯಿ ಸದಾ ಅಟ್ಟೆಯ ಕಡೆಗೇ ವಾಲಿರಲಿ. ಅಟ್ಟೆಗೆ ಗಾಯವಾದರೆ ಏನೂ ಇಲ್ಲ, ಅದು ಕಸಕ್ಕೆ ಹೋಗುವಂಥದ್ದು. ವೆಲ್ಟ್ ಕತ್ತರಿಸಿದರೆ ಕೆಲಸ ಮನೆಯ ಮಟ್ಟ ಮೀರುತ್ತದೆ. ಧೈರ್ಯ ಸಾಲದಿದ್ದರೆ ತಳದ ಕಾಲುವೆಯಲ್ಲಿ, ಅಂದರೆ ಹೊಲಿಗೆ ಕೂರುವ ತೋಡಿನಲ್ಲಿ, ಕಾಣುವ ದಾರವನ್ನೇ ಅರದಿಂದ ಸವೆಸಿ. ನಿಧಾನದ ದಾರಿ, ಆದರೆ ವೆಲ್ಟ್‌ಗೆ ಅಪಾಯವಿಲ್ಲ. ಕೊನೆಗೆ ಇಕ್ಕಳದಿಂದ ಅಟ್ಟೆಯನ್ನು ಹಿಂದಕ್ಕೆ ಸುರುಳಿ ಸುತ್ತಿದಂತೆ ಎಳೆಯಿರಿ, ನೇರ ಮೇಲಕ್ಕಲ್ಲ.

ಒಳಗೆ ಕಾಣುವುದು ಕಂದು ಬಣ್ಣದ ಕಾರ್ಕ್, ನಡುವೆ ಉಕ್ಕಿನದೋ ಮರದ್ದೋ ಒಂದು ಪಟ್ಟಿ. ಆ ಪಟ್ಟಿಗೆ ಶ್ಯಾಂಕ್ ಎನ್ನುತ್ತಾರೆ, ಶೂವಿನ ಬೆನ್ನೆಲುಬು ಅದು. ನಡೆಯುವಾಗ ಶೂ ಕಿರ್ರೆನ್ನುತ್ತಿದ್ದರೆ ಅನೇಕ ಸಲ ಅದು ಸಡಿಲವಾಗಿರುತ್ತದೆ, ಅಂಟು ಹಾಕಿ ಕೂರಿಸಿ. ಕಾರ್ಕ್ ಪುಡಿಯಾಗಿದ್ದರೆ ಕೆರೆದು ತೆಗೆದು, ಕಾರ್ಕ್ ಹಾಳೆ ಕತ್ತರಿಸಿ ತುಂಬಿ, ವೆಲ್ಟ್‌ನ ಮಟ್ಟಕ್ಕೆ ಸರಿಯಾಗಿ ಉಜ್ಜಿ. ಹೆಚ್ಚಾದರೆ ತಳ ಉಬ್ಬಿ ಶೂ ತೊಟ್ಟಿಲಿನಂತೆ ತೂಗುತ್ತದೆ. ಕಡಿಮೆಯಾದರೆ ಅಟ್ಟೆಯಡಿ ಪೊಳ್ಳು ಉಳಿದು ಪಾದ ಕುಸಿಯುತ್ತದೆ. ವೆಲ್ಟನ್ನು ಮೇಲ್ಚರ್ಮಕ್ಕೆ ಹಿಡಿದ ಒಳಹೊಲಿಗೆಯನ್ನೂ ಸುತ್ತ ಪರೀಕ್ಷಿಸಿ. ಉದ್ದಕ್ಕೂ ಹರಿದಿದ್ದರೆ ಅಲ್ಲಿಗೇ ನಿಲ್ಲಿಸಿ, ನುರಿತವರ ಕೈಗೆ ಕೊಡಿ. ವೆಲ್ಟ್‌ನ ತೂತುಗಳಲ್ಲಿ ಸಿಕ್ಕಿದ ಹಳೇ ದಾರದ ತುಣುಕನ್ನೆಲ್ಲ ಇಕ್ಕಳದಿಂದ ಆರಿಸಿ ತೆಗೆಯಿರಿ, ಒಂದೂ ಉಳಿಯಬಾರದು.

ಅಂಟಿಸಿ ಹೊಲಿಯುವುದು

ಹೊಸ ಅಟ್ಟೆಗೆ ಸುಮಾರು 5 ಮಿ.ಮೀ. ದಪ್ಪದ, ಸಸ್ಯದ ಒಗರಿನಿಂದ ಹದ ಮಾಡಿದ ಗಟ್ಟಿ ಚರ್ಮ ಅಥವಾ ರಬ್ಬರ್. ಮೊದಲ ಸಲಕ್ಕೆ ರಬ್ಬರ್ ಸುಲಭ. ನಕ್ಷೆಗಿಂತ ಸುತ್ತಲೂ 3–4 ಮಿ.ಮೀ. ಹೆಚ್ಚಿಗೆ ಕತ್ತರಿಸಿ. ಬ್ಲೇಡಿಗೆ ಸೋಪಿನ ನೀರು ಸವರಿದರೆ ರಬ್ಬರ್ ತಡೆಯಿಲ್ಲದೆ ಸೀಳುತ್ತದೆ. ಚರ್ಮವಾದರೆ ನುಣುಪು ಮೈ ನೆಲಕ್ಕೆ, ಜುಂಗಿನ ಮೈ ಅಂಟಿಗೆ. ಚರ್ಮವನ್ನು ಗುಳ್ಳೆ ನಿಲ್ಲುವ ತನಕ ನೀರಲ್ಲಿ ನೆನೆಸಿ, ರಾತ್ರಿ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಬಡಿದು ಬಿಗಿ ಮಾಡಿ, ಅಂಟುವ ಮೈ ಪೂರ್ತಿ ಒಣಗಿದ ಮೇಲೆ ಉಜ್ಜಿ ಅಂಟು ಹಚ್ಚಿ. ಅಂಟಿಸುವ ಕ್ರಮ ಅರ್ಧ ಅಟ್ಟೆಯದ್ದೇ.

ಅಂಟಿಸಿದ ಮೇಲೆ ಹೊಲಿಗೆ ಏಕೆ ಬೇಕು? ಅಂಟು ಹರಡಿದ ಬಲವನ್ನು ತಡೆಯುತ್ತದೆ, ಅಂಚಿನಿಂದ ಸುಲಿಯುವ ಬಲವನ್ನು ಅಷ್ಟು ತಡೆಯುವುದಿಲ್ಲ. ಶೂವಿನ ತುದಿ ಕಲ್ಲಿಗೆ ಎಡವಿದಾಗ ಆಗುವುದು ಸುಲಿಯುವ ಎಳೆತವೇ.

ದಾರದ ಲೆಕ್ಕ: ಹೀಲಿನ ಒಂದು ಬದಿಯಿಂದ ಮುಂತುದಿ ಸುತ್ತಿ ಇನ್ನೊಂದು ಬದಿಗೆ ಹೊಲಿಗೆಯ ಸಾಲು ಸುಮಾರು 50 ಸೆಂ.ಮೀ. ಎಂದುಕೊಳ್ಳಿ. ವೆಲ್ಟ್ ಸೇರಿ ದಪ್ಪ 8 ಮಿ.ಮೀ., ಹೊಲಿಗೆ 4.5 ಮಿ.ಮೀ. ಆದರೆ ಪ್ರತಿ ಹೊಲಿಗೆಗೂ ಒಂದೊಂದು ತುದಿಯ ದಾರ 12.5 ಮಿ.ಮೀ. ಓಡುತ್ತದೆ. ಎರಡು ತುದಿ ಸೇರಿ 2.8 ಮೀಟರ್. ಸೂಜಿಗೂ ಗಂಟಿಗೂ ಸೇರಿಸಿ ಒಂದು ಶೂಗೆ 3.5 ಮೀಟರ್ ಕತ್ತರಿಸಿ. ನಡುವೆ ದಾರ ಮುಗಿದರೆ ಜೋಡಿಸಿದ ಜಾಗವೇ ಮೊದಲು ಬಿಚ್ಚುವ ಜಾಗ.

ತಳದಲ್ಲಿ ಹೊಲಿಗೆ ಬರುವ ಗೆರೆಗೆ 1.5–2 ಮಿ.ಮೀ. ಆಳದ ಕಾಲುವೆ ತೋಡಿ. ದಾರ ಅದರೊಳಗೆ ಅಡಗದಿದ್ದರೆ ನೆಲಕ್ಕೆ ಉಜ್ಜಿ ಕೆಲವೇ ದಿನದಲ್ಲಿ ಸವೆಯುತ್ತದೆ. ಆರಿಯನ್ನು ವೆಲ್ಟ್‌ನ ಹಳೇ ತೂತಿಗೆ ಮೇಲಿನಿಂದಲೇ ಇಟ್ಟು, ಹಿಡಿಯನ್ನು ಅತ್ತಿತ್ತ ವಾಲಿಸದೆ, ತುದಿ ಕಾಲುವೆಯ ನಡುವೆ ಮೂಡುವಂತೆ ಒತ್ತಿ. ಒಂದಿಷ್ಟು ವಾಲಿದರೂ 8 ಮಿ.ಮೀ. ದಾಟುವಷ್ಟರಲ್ಲಿ ತೂತು ಕಾಲುವೆಯಾಚೆ ಹೋಗಿರುತ್ತದೆ. ಒಂದು ಸೂಜಿ ಮೇಲಿನಿಂದ ಕೆಳಕ್ಕೆ, ಅದೇ ತೂತಿನಲ್ಲಿ ಇನ್ನೊಂದು ಕೆಳಗಿನಿಂದ ಮೇಲಕ್ಕೆ. ಎರಡನೇ ಸೂಜಿ ಮೊದಲ ದಾರವನ್ನು ಚುಚ್ಚದಂತೆ, ಅದನ್ನು ಒಂದು ಬದಿಗೆ ಎಳೆದು ಹಿಡಿದು ತೂರಿಸಿ. ಎರಡೂ ಕೈಯಿಂದ ಒಂದೇ ಬಿಗಿಯಲ್ಲಿ ಎಳೆಯಿರಿ. ದಾರ ಚರ್ಮದೊಳಕ್ಕೆ ಕೊಂಚ ಕಚ್ಚಿಕೊಂಡಂತೆ ಕಂಡರೆ ಸಾಕು. ಹೊಸ ತೂತು ಮಾಡುವ ಆಸೆ ಬೇಡ: ಹಳೆಯವುಗಳ ನಡುವೆ ಹೊಸವು ಬಿದ್ದರೆ ವೆಲ್ಟ್ ಅಂಚೆಚೀಟಿಯ ಅಂಚಿನಂತಾಗಿ ಹರಿಯುತ್ತದೆ. ಕೊನೆಗೆ ಮೂರು ಹೊಲಿಗೆ ಹಿಂದಕ್ಕೆ ಬಂದು, ದಾರ ಕತ್ತರಿಸಿ, ಸುತ್ತಿಗೆಯಿಂದ ಸಾಲನ್ನು ಮೆಲ್ಲಗೆ ತಟ್ಟಿ.

ಹೀಲ್ ಮತ್ತು ಅಂಚು

ಹೀಲನ್ನು ಅಂಟಿಸಿ ಮೊಳೆ ಹೊಡೆಯುವ ಮೊದಲು ಮೇಜಿನ ಮೇಲೆ ನಿಲ್ಲಿಸಿ ನೋಡಿ. ಹೀಲಿನ ತಳ ಪೂರ್ತಿ ಮೇಜು ಮುಟ್ಟಬೇಕು, ಮುಂತುದಿ ಒಂದು ಸೆಂ.ಮೀ. ಆಸುಪಾಸು ಎದ್ದಿರಬೇಕು. ಮುಂಭಾಗಕ್ಕೆ ಮಾತ್ರ 4 ಮಿ.ಮೀ. ದಪ್ಪ ಸೇರಿಸಿ ಹೀಲ್ ಹಾಗೇ ಬಿಟ್ಟರೆ ಶೂ ಹಿಂದಕ್ಕೆ ವಾಲಿ, ಹೀಲಿನ ಹಿಂಬದಿ ಬೇಗ ಸವೆಯುತ್ತದೆ. ನೋವು ಕಾಲಿಗೆ ಬಂದರೂ ಕಾರಣ ಇಲ್ಲೇ ಇರುತ್ತದೆ. ಹೀಲಿಗೂ ಒಂದು ತೆಳು ಪದರ ಸೇರಿಸಿ ಸರಿದೂಗಿಸಿ.

ಹೀಲಿನ ಕೊನೆಯ ರಬ್ಬರ್ ಪದರಕ್ಕೆ ಐದಾರು ಮೊಳೆ ಸಾಕು, ಅಂಚಿನಿಂದ ಒಂದು ಸೆಂ.ಮೀ. ಒಳಗೆ, ತಲೆ ರಬ್ಬರಿನೊಳಗೆ 1–2 ಮಿ.ಮೀ. ಹುದುಗುವಂತೆ. ಮೇಲೆ ಉಳಿದ ತಲೆ ನುಣ್ಣನೆ ನೆಲದ ಮೇಲೆ ಜಾರಿಸುತ್ತದೆ. ಮೊಳೆಯ ಉದ್ದವನ್ನು ಅದು ಹಾಯುವ ಪದರಗಳ ಒಟ್ಟು ದಪ್ಪಕ್ಕೆ ಹೋಲಿಸಿಯೇ ಆರಿಸಿ. ತುದಿ ಒಳಗೆ ಚಾಚಿದೆಯೇ ಎಂದು ನೋಡಲು ಬೆರಳು ಹಾಕಬೇಡಿ. ಹಳೇ ಬನಿಯನ್ ಬಟ್ಟೆಯ ಉಂಡೆಯನ್ನು ಒಳಗೆ ಎಳೆದಾಡಿಸಿ, ತುದಿ ಇದ್ದರೆ ನೂಲು ಸಿಕ್ಕಿಕೊಳ್ಳುತ್ತದೆ.

ಹೆಚ್ಚಿನ ಅಂಚನ್ನು ವೆಲ್ಟ್‌ಗೆ 1 ಮಿ.ಮೀ. ಬಿಟ್ಟು ಚಾಕುವಿನಿಂದ ಕತ್ತರಿಸಿ, ಉಳಿದದ್ದನ್ನು ಅರ, ಆಮೇಲೆ 80, 120, 220, 400 ಹೀಗೆ ಉಜ್ಜುತ್ತಾ ಬನ್ನಿ. ಚರ್ಮದ ಅಂಚಿಗೆ ನೀರು ಸವರಿ ನುಣ್ಣನೆಯ ಮರದ ತುಂಡಿನಿಂದ ತಿಕ್ಕಿದರೆ ನಾರು ಕೂತು ಹೊಳಪು ಬರುತ್ತದೆ. ಬಣ್ಣ, ಮೇಣ ಆಮೇಲೆ. ಕೆಲಸಗಾರನ ಕೈ ಎಂಥದ್ದೆಂದು ನೋಡಿದವರಿಗೆ ತಿಳಿಯುವುದು ಈ ಅಂಚಿನಲ್ಲೇ, ಆದರೆ ಶೂ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಅಚ್ಚಿನೊಂದಿಗೇ 24 ಗಂಟೆ ಬಿಡಿ, ತೇವದ ಹವೆಯಲ್ಲಿ ಎರಡು ದಿನ. ಬಳಿಕ ಮುಂಭಾಗವನ್ನು ಕೈಯಿಂದ ಬಾಗಿಸಿ, ತೆಳು ಕಾಗದದ ಮೂಲೆಯನ್ನು ಅಂಚಿನ ಸುತ್ತ ತೂರಿಸಲು ನೋಡಿ. ಎಲ್ಲಾದರೂ ಒಳಹೋದರೆ ಆ ಜಾಗವನ್ನು ಆಗಲೇ ತೆರೆದು, ಉಜ್ಜಿ, ಮತ್ತೆ ಅಂಟಿಸಿ. ಧೂಳು ಒಳಸೇರಿದ ಮೇಲೆ ಅದೇ ರಿಪೇರಿಗೆ ದುಪ್ಪಟ್ಟು ಜಾಗ ಬಿಚ್ಚಬೇಕಾಗುತ್ತದೆ. ಹೊಸ ಚರ್ಮದ ಅಟ್ಟೆ ನುಣ್ಣನೆ ನೆಲದಲ್ಲಿ ಜಾರುತ್ತದೆ, ಆದ್ದರಿಂದ ಮೊದಲ ನಡಿಗೆ ಒಣಗಿದ ಒರಟು ನೆಲದ ಮೇಲಿರಲಿ.